ಹಿತ್ತಲ ಸಂಧಿಪ್ರಕರಣ

ಪೀಠಿಕೆ

ನವಲಗುಂದ ತಾಲೂಕಿನ ನಮ್ಮ ಮನೆಯ ಹಿತ್ತಲು 14 ಅಡಿ ಉದ್ದ, 9 ಅಡಿ ಅಗಲ. ಅಷ್ಟಕ್ಕೂ ಶಹಾಬಾದಿ ಫರಸಿ. ಇದರ ಇತಿಹಾಸವನ್ನು ವಿದ್ವಾಂಸರು (ಸದ್ಯಕ್ಕೆ ನಾನೊಬ್ಬನೇ) ಎರಡು ಯುಗಗಳಾಗಿ ವಿಂಗಡಿಸುತ್ತಾರೆ. ರಾಡಿಯುಗದಲ್ಲಿ ನಾಲ್ಕು ಹನಿ ಬಿದ್ದರೂ ಎರೆಮಣ್ಣು ಚಪ್ಪಲಿಯನ್ನು ತಾನಿಟ್ಟುಕೊಂಡು ಕಾಲನ್ನಷ್ಟೇ ವಾಪಸು ಕೊಡುತ್ತಿತ್ತು. ಆ ಸಿಟ್ಟಿಗೆ ಅಪ್ಪ ಫರಸಿಯುಗವನ್ನು ಆರಂಭಿಸಿದ. ಅಂದಿನಿಂದ ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ಹಿತ್ತಲು ದಾಟುವುದು ಕೊಂಡ ಹಾಯ್ದಷ್ಟೇ ಪುಣ್ಯದ ಕೆಲಸವಾಗಿದೆ.

ಪೂರ್ವಪಕ್ಷ

ಕಲ್ಲಿದ್ದಲ್ಲಿ ತೋಟವಿಲ್ಲವೆಂಬುದು ಅರೆಬೆಂದ ವಾದ. ಜಪಾನಿನ ಕ್ಯೋಟೋದ ರ್ಯೋಆಂಜಿ ದೇವಾಲಯದ ಜಗತ್ಪ್ರಸಿದ್ಧ ತೋಟದಲ್ಲಿರುವುದು ಬಿಳಿ ಹರಳು ಮತ್ತು 15 ಕಲ್ಲು. ಜಗಲಿಯ ಮೇಲೆ ಎಲ್ಲಿ ಕೂತರೂ ಒಂದು ಕಲ್ಲು ಕಣ್ಣಿಗೆ ಬೀಳದಂತೆ ಅವನ್ನು ಇಟ್ಟಿದ್ದಾರಂತೆ. ನಮ್ಮಲ್ಲೂ ಒಗೆಯುವ ಕಲ್ಲುಂಟು, ಒಳಕಲ್ಲುಂಟು, ಒಡೆದ ಬೀಸುವ ಕಲ್ಲುಂಟು. ಕಣ್ಣಿಗೆ ಬೀಳದ ಕಲ್ಲು ರಾತ್ರಿ ಬಚ್ಚಲಿಗೆ ಹೊರಟವರ ಹೆಬ್ಬೆರಳಿಗೆ ತಾನಾಗಿ ಸಾಕ್ಷಾತ್ಕಾರವಾಗುತ್ತದೆ. ಆದಕಾರಣ ನಮ್ಮದು ಈಗಾಗಲೇ ತೋಟ ಎಂದು ಮಂಡಿಸಿದೆ. ಅವ್ವ ಖಂಡಿಸಿದಳು: “ಹಂಗಾರ ನಿನ್ನ ತ್ವಾಟದಾಗಿಂದ ನಾಕ ಎಸಳು ಕರಿಬೇವು ಹರಕೊಂಡ ಬಾ, ಒಗ್ಗರಣಿಗೆ ಬೇಕು.”

ಸಿದ್ಧಾಂತ

ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿಪ್ರಕರಣವಿದೆ, ಅದು ಅಕ್ಷರಗಳಿಗಾಯಿತು. ಫರಸಿಯ ಸಂದಿಗಳ ಬಗ್ಗೆ ಈ ಬಡವನೇ ಬರೆಯಬೇಕಾಯಿತು.

ಲೋಪ: ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಮೇಲಿನ ಫರಸಿ ಎದ್ದು ಕೂತು ಸಂದಿಯ ಸಿಮೆಂಟು ಉದುರುತ್ತದೆ.

ಆಗಮ: ಉದುರಿದ ಜಾಗಕ್ಕೆ ಕರೆಯದವರು ಬರುತ್ತಾರೆ. ಮುಸುರೆ ತಿಕ್ಕುವಲ್ಲಿ ಬೆರಳಗಲದ ಸಂದಿಯೊಳಗೆ ಒಂದು ಟೊಮೆಟೊ ಗಿಡ ಎದ್ದಿದೆ. ಈಳಿಗೆ ತೊಳೆದ ನೀರಿನ ಜತೆ ಬಂದ ಬೀಜವಿರಬೇಕು. ಕಲ್ಲಿನಂಚಿಗೆ ಸೊಂಟ ಡೊಂಕಾಗಿದೆ, ಎಲೆಗೆಲ್ಲ ಬೂದಿ ಸಿಡಿದಿದೆ. ಆದರೂ ನಾಲ್ಕು ಕಾಯಿ ಹಿಡಿದಿದೆ.

ಆದೇಶ: ಒಂದರ ಜಾಗಕ್ಕೆ ಇನ್ನೊಂದು. ಕಲ್ಲು ಹೋಗಿ ಗಿಡ. ಇದನ್ನಾಧರಿಸಿ ನಕ್ಷೆ ಬರೆದೆ. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಫರಸಿ ಕಾಯದಂತೆ ಪಡುವಣಕ್ಕೆ ಹಂದರ, ಹಂದರಕ್ಕೆ ಹೀರೆಬಳ್ಳಿ, ನಡುವೆ ದುಂಡುಮಲ್ಲಿಗೆ. ಎರೆಯಲ್ಲಿ ನೀರು ನಿಂತು ಬೇರು ಕೊಳೆಯುವುದರಿಂದ ಪ್ರತಿ ಕುಣಿಗೂ ಮರಳು, ತಿಪ್ಪೆಗೊಬ್ಬರ. ನಕ್ಷೆಯ ಮೂರನೆಯ ಪರಿಷ್ಕರಣೆ ನಡೆದಿದ್ದಾಗ ಅವ್ವ ಹಾರೆ ತಂದು ಮುಂದಿಟ್ಟಳು.

“ಬರದದ್ದು ಸಾಕೋ ತಮ್ಮಾ. ಈ ಕಲ್ಲ ಎಬ್ಬಸು.”

ಆದೇಶವೆಂದರೆ ಏನೆಂದು ನನಗೆ ಅರ್ಥವಾದದ್ದು ಆಗ.

ಉಪಸಂಹಾರ

ಎಬ್ಬಿಸಿದೆ. ಅಡಿಯಲ್ಲಿ ಎರೆಮಣ್ಣು ಇನ್ನೂ ಹಸಿಯಾಗಿ, ಕಪ್ಪಗೆ, ಅಪ್ಪನ ಸಿಟ್ಟನ್ನು ಮರೆತಂತೆ ಮಲಗಿತ್ತು. ಅವ್ವ ಅದರಲ್ಲಿ ಕರಿಬೇವಿನ ಸಸಿ ಹಚ್ಚಿ ಒಂದು ತಂಬಿಗೆ ನೀರು ಹಾಕಿದಳು. ತೆಗೆದ ಫರಸಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ. ಸದ್ಯ ಅದು ಬಚ್ಚಲ ದಾರಿಯಲ್ಲಿದೆ. ಹದಿನೈದನೆಯದು.