ಕುರಕುಂಭದ ಟೈಮಿಂಗ್ ಪಂಡಿತರು

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ, ದೌಂಡ್ ತಾಲ್ಲೂಕಿನ ಕುರಕುಂಭವು ಫಿರಂಗಾಯಿ ದೇವಿಯ ಗುಡಿಯಿಂದ ಭಕ್ತರಿಗೂ, ಎಂ.ಐ.ಡಿ.ಸಿ. ಎಂದು ಎಲ್ಲರ ಬಾಯಲ್ಲಿರುವ ಕೈಗಾರಿಕಾ ವಸಾಹತಿನ ರಾಸಾಯನಿಕ ಕಾರ್ಖಾನೆಗಳಿಂದ ಉದ್ಯೋಗಾರ್ಥಿಗಳಿಗೂ ಪರಿಚಿತವಾದ ಊರು. ಅದೇ ಹೆದ್ದಾರಿ ಸೊಲ್ಲಾಪುರ, ಉಮರ್ಗಾಗಳನ್ನು ದಾಟಿ ಹುಮನಾಬಾದನ್ನು ಮುಟ್ಟುವುದರಿಂದ ಬೀದರ್, ಕಲಬುರಗಿ, ವಿಜಯಪುರದ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದವರು ಇಲ್ಲಿಯ ಪಾಳಿಗಳಲ್ಲಿ ಸಿಗುವುದು ಸಹಜ. ಅವರ ನಡುವೆ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವ, ಬೆರಳ ಸಂದಿಯ ಗ್ರೀಸಿನಿಂದಲೇ ಗುರುತಿಸಬಹುದಾದ ಒಂದು ವರ್ಗವನ್ನು, ಅದಕ್ಕೆ ಬೇರೆ ಹೆಸರಿಲ್ಲದ ಕಾರಣ, ಟೈಮಿಂಗ್ ಪಂಡಿತರೆಂದು ಕರೆಯಬಹುದು.

ಪಂಡಿತರ ಹವ್ಯಾಸದ ಬೇರು ಅವರ ಉದ್ಯೋಗದಲ್ಲಿಯೇ ಇದೆ. ರಾಸಾಯನಿಕ ಕಾರ್ಖಾನೆಯ ಗೇಟಿನಲ್ಲಿ ಬೆಂಕಿಪೊಟ್ಟಣವನ್ನೂ ಲೈಟರನ್ನೂ ಒಪ್ಪಿಸಿ ಒಳಗೆ ಹೋಗಬೇಕು. ದ್ರಾವಕದ ಆವಿ ಸುಳಿಯುವ ಕಡೆ ದೀಪ, ಸ್ವಿಚ್ಚುಗಳೆಲ್ಲ ಒಳಗಿನ ಬೆಂಕಿ ಹೊರಗೆ ಬಾರದಂತೆ ಬಿಗಿಯಾಗಿ ಮುಚ್ಚಿದ, ಫ್ಲೇಮ್‌ಪ್ರೂಫ್ ಎನ್ನಿಸಿಕೊಂಡ ಬಗೆಯವೇ ಆಗಿರಬೇಕು. ಒಂದು ಪಟ್ಟಿಗೆ ವೆಲ್ಡಿಂಗ್ ಮಾಡಿಸಬೇಕೆಂದರೂ ಹಾಟ್ ವರ್ಕ್ ಪರ್ಮಿಟ್ ಎಂಬ ಅನುಮತಿ ಪತ್ರದ ಮೇಲೆ ಸಹಿಗಳ ಸಾಲು ಬೀಳಬೇಕು. ವಾರಕ್ಕೆ ಆರು ದಿನ ಎಲ್ಲಿಯೂ ಕಿಡಿ ಹಾರದಂತೆ ಕಾಯುವವರು ಏಳನೆಯ ದಿನ, ಯಾರ ಸಹಿಯ ಹಂಗೂ ಇಲ್ಲದೆ, ತಾವು ನಿಶ್ಚಯಿಸಿದ ಕ್ಷಣಕ್ಕೆ ಕಿಡಿ ಹಾರಿಸುವ ಯಂತ್ರವೊಂದನ್ನು ಸಾಕಿಕೊಂಡರೆ ಅದರಲ್ಲಿ ವಿಸ್ಮಯಪಡುವಂಥದ್ದೇನೂ ಇಲ್ಲ.

ಆ ಯಂತ್ರ ಹೆಚ್ಚಾಗಿ ಪ್ರೀಮಿಯರ್ 118 ಎನ್‌ಇ ಆಗಿರುತ್ತದೆ. ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ 1980ರ ದಶಕದ ನಡುಭಾಗದಲ್ಲಿ ಹೊರತಂದ ಈ ಕಾರಿನ ಮೈಕಟ್ಟು ಇಟಲಿಯ ಫಿಯೆಟ್ 124ರ ಮೂಲದ್ದು, ಇಂಜಿನ್ ಮಾತ್ರ ಜಪಾನಿನ ನಿಸ್ಸಾನ್ ಸಂಸ್ಥೆಯ 1171 ಸಿಸಿಯ ಎ12. ಇದೇ ಎ12 ಇಂಜಿನ್ನಿನ ಸನ್ನಿ ಕಾರುಗಳು, ಸಾಕಷ್ಟು ತಿದ್ದುಪಡಿಗಳೊಂದಿಗೆ, 1970ರ ದಶಕದಲ್ಲಿ ಜಪಾನಿನ ರೇಸುಗಳಲ್ಲಿ ಹೆಸರು ಮಾಡಿದ್ದವೆಂಬ ನಿಜಸಂಗತಿಯೇ ಪಂಡಿತರ ಸಕಲ ಸಂಕಟಗಳಿಗೂ ಮೂಲವಾಗಿದೆ. ಹೆದ್ದಾರಿಯ ಮೇಲಿನ ಪಾಟಸಿನ ಟೋಲ್ ನಾಕಾದಲ್ಲಿ ಹಿಂದಿನ ಲಾರಿಯವನು ಬೇಸತ್ತು ಹಾರ್ನ್ ಒತ್ತುತ್ತಿರುವಾಗಲೂ ಅವರ ಸಿದ್ಧಾಂತ ಅಲುಗುವುದಿಲ್ಲ: ಕಾರಿನ ರಕ್ತದಲ್ಲಿ ರೇಸು ಇದ್ದೇ ಇದೆ, ಅದು ಹೊರಗೆ ಬಾರದಿರುವುದಕ್ಕೆ ಟೈಮಿಂಗ್ ಎರಡು ಡಿಗ್ರಿ ತಪ್ಪಿರುವುದೊಂದೇ ಕಾರಣ. ತಿದ್ದುಪಡಿಗಳ ವಿಷಯವನ್ನು ಅವರು ಎತ್ತುವುದಿಲ್ಲ.

ಟೈಮಿಂಗ್ ಎಂದರೆ, ಸಿಲಿಂಡರಿನೊಳಗೆ ಒತ್ತಲ್ಪಟ್ಟ ಪೆಟ್ರೋಲು-ಗಾಳಿಯ ಮಿಶ್ರಣಕ್ಕೆ ಪ್ಲಗ್ಗು ಯಾವ ಗಳಿಗೆಯಲ್ಲಿ ಕಿಡಿ ಕೊಡಬೇಕು ಎಂಬುದರ ನಿರ್ಣಯ. ಮಿಶ್ರಣ ಉರಿದು ಒತ್ತಡ ಏರಲು ಒಂದೆರಡು ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 3000 ಸುತ್ತು ಹಾಕುವ ಕ್ರ್ಯಾಂಕು ಒಂದೇ ಮಿಲಿಸೆಕೆಂಡಿನಲ್ಲಿ 18 ಡಿಗ್ರಿ ತಿರುಗಿಬಿಡುತ್ತದೆ. ಆದ್ದರಿಂದ ಪಿಸ್ಟನ್ನು ಟಿಡಿಸಿ ಎಂಬ ತುತ್ತತುದಿಯನ್ನು ಮುಟ್ಟುವ ಮೊದಲೇ ಕಿಡಿ ಹಾರಬೇಕಾಗುತ್ತದೆ. ಹೀಗೆ ಮುಂಚೆ ಹಾರಿಸುವುದು ಅಡ್ವಾನ್ಸ್, ತಡವಾಗಿಸುವುದು ರಿಟಾರ್ಡ್. ತಡವಾದರೆ ಇಂಜಿನ್ ಕಾಯುತ್ತದೆ, ಪಿಕಪ್ ಸಾಯುತ್ತದೆ. ಅತಿಯಾಗಿ ಮುಂಚೆಯಾದರೆ ಒಳಗೆ ನಾಕಿಂಗ್ ಎಂಬ ಕಟಕಟ ಸದ್ದು ಹುಟ್ಟಿ, ಅದನ್ನು ಹಾಗೆಯೇ ಬಿಟ್ಟರೆ ಪಿಸ್ಟನ್ನಿಗೇ ಅಪಾಯ. ಕಿಡಿಯನ್ನು ಸರದಿಯ ಮೇಲೆ ನಾಲ್ಕು ಪ್ಲಗ್ಗುಗಳಿಗೂ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಅದರ ಮೈಯನ್ನು ರೋಟರು ಸುತ್ತುವ ದಿಕ್ಕಿಗೆ ಎದುರಾಗಿ ತಿರುವಿದರೆ ಅಡ್ವಾನ್ಸು, ಅದೇ ದಿಕ್ಕಿಗೆ ತಿರುವಿದರೆ ರಿಟಾರ್ಡು.

ಶಾಸ್ತ್ರೋಕ್ತ ಕ್ರಮವೇನೂ ಕಠಿಣವಲ್ಲ. ಮೊದಲು ಫೀಲರ್ ಗೇಜೆಂಬ ತೆಳು ತಗಡಿನಿಂದ ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗೆ ಕಾರಣವಾಗುವ ಪಾಯಿಂಟಿನ ಗ್ಯಾಪನ್ನು ಅರ್ಧ ಮಿಲಿಮೀಟರಿನ ಆಸುಪಾಸಿಗೆ ಇಡಬೇಕು, ಏಕೆಂದರೆ ಗ್ಯಾಪು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಡಿಸ್ಟ್ರಿಬ್ಯೂಟರಿಗೆ ಬರುವ ವ್ಯಾಕ್ಯೂಮ್ ಪೈಪನ್ನು ಕಳಚಿ ಬಾಯಿ ಮುಚ್ಚಬೇಕು. ಒಂದನೆಯ ಪ್ಲಗ್ಗಿನ ವೈರಿಗೆ ಟೈಮಿಂಗ್ ಲೈಟು ಸಿಕ್ಕಿಸಿ, ಐಡಲಿನಲ್ಲಿ ಓಡುವ ಪುಲ್ಲಿಯ ಗೆರೆ ಪುಸ್ತಕ ಹೇಳಿದ ಡಿಗ್ರಿಗೆ ನಿಲ್ಲುವಂತೆ ಡಿಸ್ಟ್ರಿಬ್ಯೂಟರನ್ನು ತಿರುವಿ ಬೋಲ್ಟು ಬಿಗಿಯಬೇಕು. ಕಿಡಿ ಹಾರಿದಾಗಲೆಲ್ಲ ಲೈಟು ಮಿಂಚುವುದರಿಂದ ಸುತ್ತುತ್ತಿರುವ ಪುಲ್ಲಿ ನಿಂತಂತೆ ತೋರುತ್ತದೆ. ಪಂಡಿತರ ವಸತಿ ಕಾಲೊನಿಯ ಮಕ್ಕಳು ಈ ಇಂದ್ರಜಾಲವನ್ನು ನೋಡಲು ಸೇರುತ್ತಾರೆ, ಪಂಡಿತರು ಅವರನ್ನು ಫ್ಯಾನಿನಿಂದ ದೂರ ನಿಲ್ಲಿಸಿ, ಎಲೆಯಡಿಕೆಯ ಸುಣ್ಣ ಬಳಿದು ಎದ್ದುಕಾಣಿಸಿದ ಆ ಗೆರೆಯನ್ನು ತೋರಿಸುತ್ತಾರೆ. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿಗೆ ಮುಗಿದರೆ ಉಳಿದ ದಿನ ಏನು ಮಾಡಬೇಕೆಂಬುದೇ ನಿಜವಾದ ತೊಡಕು.

ಆದ್ದರಿಂದ ಲೈಟನ್ನು ಪೆಟ್ಟಿಗೆಗೆ ಸೇರಿಸಿ ಅವರು ಕಿವಿಯನ್ನು ಹೊರತೆಗೆಯುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಕಿವಿಯ ಪದ್ಧತಿ ಹುಸಿಯಲ್ಲ. ಹಳೆಯ ಡಿಸ್ಟ್ರಿಬ್ಯೂಟರಿನ ಬುಷ್ ಸವೆದಿದ್ದರೆ ಲೈಟಿನಡಿ ಗೆರೆ ನಿಂತಲ್ಲಿ ನಿಲ್ಲದೆ ಕುಣಿಯುತ್ತದೆ, ಆಗ ಅನುಭವಿ ಮೇಸ್ತ್ರಿಯು ಸದ್ದನ್ನೂ ರಸ್ತೆಯನ್ನೂ ನಂಬಿ ಟೈಮಿಂಗ್ ಇಡುವುದುಂಟು. ಪಂಡಿತರ ಕಿವಿಗೆ ಮಾತ್ರ ಟಪೆಟ್ಟಿನ ಸದ್ದು ನಾಕಿಂಗಾಗಿಯೂ, ನಾಕಿಂಗು ಶಕ್ತಿಯಾಗಿಯೂ ಕೇಳಿಸುತ್ತದೆ. ಕಾರ್ಖಾನೆಯಲ್ಲಿ ರಿಯಾಕ್ಟರಿನ ಉಷ್ಣತೆ ಒಂದು ಡಿಗ್ರಿ ಜಾರಿದರೆ ಲಾಗ್ ಪುಸ್ತಕದಲ್ಲಿ ಕಾರಣಸಹಿತ ಬರೆದಿಡುವ ಅದೇ ವ್ಯಕ್ತಿ ಇಲ್ಲಿ ಎಷ್ಟು ತಿರುವಿದರೆಂಬುದನ್ನು ಸಿಗರೇಟ್ ಪ್ಯಾಕಿನ ಮೇಲೂ ಗುರುತು ಹಾಕುವುದಿಲ್ಲ. ಒಮ್ಮೊಮ್ಮೆ ಡಿಸ್ಟ್ರಿಬ್ಯೂಟರನ್ನು ಪೂರ್ತಿ ಕಿತ್ತು ಮತ್ತೆ ಕೂಡಿಸುವಾಗ, ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಪಿಸ್ಟನ್ನು ತುದಿಗೆ ಎರಡು ಸಲ ಬರುತ್ತದೆ, ಒಮ್ಮೆ ಮಿಶ್ರಣವನ್ನು ಒತ್ತಲು, ಇನ್ನೊಮ್ಮೆ ಹೊಗೆಯನ್ನು ಹೊರದಬ್ಬಲು, ಎಂಬ ಪ್ರಥಮ ವರ್ಷದ ಪಾಠ ಮರೆತುಹೋಗುತ್ತದೆ. ಪ್ಲಗ್ಗಿನ ತೂತಿಗೆ ಹೆಬ್ಬೆರಳಿಟ್ಟು ಒತ್ತಡವನ್ನು ಪರೀಕ್ಷಿಸಬೇಕಾದವರು ಹಾಗೆ ಮಾಡದೆ ಚಾವಿ ತಿರುವಿದಾಗ ಕಾರ್ಬುರೇಟರಿನಿಂದ ಹೊರಡುವ ಆಸ್ಫೋಟಕ್ಕೆ ಕಾಲೊನಿಯ ಮಧ್ಯಾಹ್ನದ ನಿದ್ದೆಯೆಲ್ಲ ಎದ್ದು ಕೂರುತ್ತದೆ. ಗ್ಯಾಲರಿಗೆ ಬಂದವರಿಗೆಲ್ಲ ಪಂಡಿತರು ಒಂದೇ ಬಗೆಯ ಮುಗುಳ್ನಗೆಯಿಂದ, ಇದು ಪರೀಕ್ಷೆಯ ಒಂದು ಹಂತವೆಂದು ತಿಳಿಸುತ್ತಾರೆ.

ಅಂತಿಮ ನಿರ್ಣಯ ನಡೆಯುವುದು ಪಾಟಸಿನಿಂದ ಬಾರಾಮತಿಯ ಕಡೆಗೆ ಹೋಗುವ ರೋಟಿ ಘಾಟಿನಲ್ಲಿ. ತುಕಾರಾಮರ ಪಾಲಖಿ ಪ್ರತಿ ವರ್ಷ ಏರುವ ಈ ದಿಣ್ಣೆಯನ್ನು ಟಾಪ್ ಗೇರಿನಲ್ಲಿ ಏರುವಾಗ ಕಟಕಟ ಸದ್ದು ತುಸುವೇ ಕೇಳಿ ಮಾಯವಾಗಬೇಕೆಂಬುದು ಹಳೆಯ ಮೇಸ್ತ್ರಿಗಳ ಲೆಕ್ಕ. ಪಂಡಿತರು ಏರುತ್ತಾರೆ, ಇಳಿದು ಬಾನೆಟ್ ಎತ್ತುತ್ತಾರೆ, ಕೂದಲೆಳೆಯಷ್ಟು ತಿರುವುತ್ತಾರೆ, ಮತ್ತೆ ಏರುತ್ತಾರೆ. ಈ ಕಾರಿನಲ್ಲಿಯೇ ಊರ ಜಾತ್ರೆಗೆ ಹೋಗುವುದೆಂದು ಪ್ರತಿ ವರ್ಷ ನಿಶ್ಚಯವಾಗುತ್ತದೆ, ಪ್ರತಿ ವರ್ಷವೂ ಹೆಂಡತಿ-ಮಕ್ಕಳು ದೌಂಡ್ ಜಂಕ್ಷನ್ನಿನಲ್ಲಿ ಕಲಬುರಗಿಯ ರೈಲು ಹತ್ತುತ್ತಾರೆ. “ರೀ, ಇದರ ಟೈಮಿಂಗ್ ಕೂಡೂದ್ರಾಗ ಮಗಳ ಮದ್ವಿ ಟೈಮಿಂಗ್ ತಪ್ಪತದ ನೋಡ್ರಿ” ಎಂಬ ಆಕ್ಷೇಪಕ್ಕೆ ಉತ್ತರವಾಗಿ ಸ್ಪ್ಯಾನರು ಬಿದ್ದ ಸದ್ದಷ್ಟೇ ಬಾನೆಟ್ಟಿನಡಿಯಿಂದ ಕೇಳಿಬರುತ್ತದೆ.

ಎಥನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ಈ ಶಾಸ್ತ್ರಕ್ಕೆ ಹೊಸ ಅಧ್ಯಾಯವೇ ಸೇರಿದೆ. ಎಥನಾಲಿಗೆ ನಾಕಿಂಗನ್ನು ತಡೆಯುವ ಗುಣ, ಅಂದರೆ ಆಕ್ಟೇನ್, ಹೆಚ್ಚಾಗಿರುವುದರಿಂದ ಇನ್ನಷ್ಟು ಅಡ್ವಾನ್ಸ್ ಇಡಬಹುದೆಂಬ ವಾದಕ್ಕೆ ಆಧಾರವಿದೆ. ಅದೇ ಎಥನಾಲು ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆಂಬ ಮಾತನ್ನು ಪಂಡಿತರು ಪೆಟ್ರೋಲು ಸೋರುವವರೆಗೆ ಪೂರ್ವಪಕ್ಷದಲ್ಲಿಯೇ ಇಟ್ಟಿರುತ್ತಾರೆ. ನೆರೆಮನೆಯವರು ಹೊಸ ಕಾರು ಕೊಂಡಾಗ, ಕರೆಯದಿದ್ದರೂ ಪಂಡಿತರು ಹೋಗುತ್ತಾರೆ. ಅಂಥ ಕಾರಿನಲ್ಲಿ ಡಿಸ್ಟ್ರಿಬ್ಯೂಟರೇ ಇರುವುದಿಲ್ಲ. ನಾಕಿಂಗನ್ನು ಆಲಿಸುವ ಸೆನ್ಸರೊಂದರ ವರದಿಯ ಮೇಲೆ ಕಂಪ್ಯೂಟರು ಪ್ರತಿ ಕಿಡಿಗೂ ಮುಹೂರ್ತವನ್ನು ತಾನೇ ಇಡುತ್ತದೆ. ಬಾನೆಟ್ ಎತ್ತಿದರೆ ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಪಂಡಿತರು ಅದರ ಮೇಲೆ ಬಾಗಿ, ಕಣ್ಣು ಮುಚ್ಚಿ ಆಲಿಸಿ, “ಸ್ವಲ್ಪ ರಿಟಾರ್ಡ್ ಆಗ್ಯದರೀ” ಎಂದು ತೀರ್ಪು ಕೊಟ್ಟು ಚಹಾಕ್ಕೆ ಕೂರುತ್ತಾರೆ.