ಕಾಪ್ರೇಕರರಿಗೆ ಒಂದು ಸಮಾಧಾನಕರ ಬಹುಮಾನ

ಥಾಣೆಯ ವಾಗ್ಳೆ ಎಸ್ಟೇಟಿನ ನಮ್ಮ ಸೊಸೈಟಿಯ ಮಕ್ಕಳ ಗಣಿತ ಕ್ಲಬ್ಬಿನ ಘನ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಹಾಗೂ ಮಕ್ಕಳು ಏಳುವ ಮೊದಲೇ ಹಾಲ್ ಟಿಕೆಟ್ ಡೌನ್‌ಲೋಡ್ ಮಾಡಿಟ್ಟಿರುವ ಸಮಸ್ತ ಮಾತಾಪಿತೃಗಳಿಗೆ,



ತಮ್ಮ ವಾರ್ಷಿಕ ವರದಿ ತಲುಪಿತು. ಓದಿ ಮೈ ನವಿರೆದ್ದಿತು. ಕ್ಲಬ್ಬಿನಲ್ಲಿ ಮಕ್ಕಳಿಗಿಂತ ಚಿನ್ನದ ಪದಕಗಳೇ ಹೆಚ್ಚು. ಒಂದೇ ಬೆಂಚಿನ ಮೂವರಿಗೆ ‘ಅಂತರರಾಷ್ಟ್ರೀಯ’ ರ‍್ಯಾಂಕ್! ಪರೀಕ್ಷೆ ನಡೆದದ್ದು ಅವರದೇ ತರಗತಿಯಲ್ಲಿ, ಮೇಲ್ವಿಚಾರಣೆ ಅವರದೇ ಟೀಚರದು. ಪಾಸ್‌ಪೋರ್ಟು ಮಾಡಿಸದೆ, ಟಿಫಿನ್ ಡಬ್ಬಿಯ ಮುಚ್ಚಳ ಕೂಡ ತೆರೆಯದೆ ಜಗತ್ತು ಗೆದ್ದುಬಂದ ಈ ವೀರರನ್ನು ರೋಡ್ ನಂಬರ್ 22ರ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿ ಮೆರೆಸಿದ್ದೂ ಸರಿಯೇ.

1962ರ ಆಗಸ್ಟ್ 1ರಂದು ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮದ, ಅಂದರೆ ಎಂಐಡಿಸಿಯ, ಉದ್ಘಾಟನೆ ನಡೆದದ್ದು ಇದೇ ವಾಗ್ಳೆ ಎಸ್ಟೇಟಿನಲ್ಲಿ. ಲೇತು, ಡ್ರಿಲ್ಲು ತಿರುಗುತ್ತಿದ್ದ ಎಷ್ಟೋ ಶೆಡ್ಡುಗಳ ಜಾಗದಲ್ಲಿ ಈಗ ಗಾಜಿನ ಐಟಿ ಕಟ್ಟಡಗಳು. ಮಾಲು ತಯಾರಿಸುವ ಊರು ಮಾಲು ತರಿಸಿಕೊಳ್ಳುವ ಊರಾಯಿತಲ್ಲ ಎಂದು ಕೊರಗುತ್ತಿದ್ದ ನನ್ನಂಥ ಹಳಬರಿಗೆ ತಾವು ಧೈರ್ಯ ತುಂಬಿದ್ದೀರಿ. ಪದಕ ತಯಾರಿಕೆಯೊಂದು ಇಲ್ಲಿ ಮೂರೂ ಪಾಳಿಯಲ್ಲಿ ನಡೆದಿದೆ.

ಈಗ ನನ್ನ ಮೊಮ್ಮಗಳ ಮೇಲಿನ ದೂರಿನ ವಿಷಯ. ಅರವತ್ತು ನಿಮಿಷಕ್ಕೆ ಅರವತ್ತು ಪ್ರಶ್ನೆಯ ಮಾಕ್ ಟೆಸ್ಟಿನಲ್ಲಿ ಅವಳು ಒಂದನ್ನೂ ಮುಟ್ಟದೆ, ಪತ್ರಿಕೆಯ ಹಿಂಬದಿಯಲ್ಲಿ ಅಂಕಿಗಳನ್ನು ತಿರುಗಿಸಿ ಕಳೆಯುತ್ತ ಕೂತಿದ್ದಳೆಂದು ಬರೆದಿದ್ದೀರಿ. ನಿಜ. ಅಂಕಿಗಳೆಲ್ಲ ಒಂದೇ ಅಲ್ಲದ ಮೂರಂಕಿಯದು ಯಾವುದನ್ನು ಹಿಡಿದರೂ ಕೊನೆಗೆ 495ಕ್ಕೇ ಯಾಕೆ ಬರುತ್ತದೆ, ಎರಡಂಕಿಯದು ಯಾಕೆ ಎಲ್ಲೂ ನಿಲ್ಲದೆ 81, 63, 27, 45, 9 ಎಂದು ಸುತ್ತುತ್ತಲೇ ಇರುತ್ತದೆ ಎಂದು ಅವಳು ಸರ್ ಹತ್ತಿರ ಕೇಳಿದ್ದೂ ನಿಜ. ‘ಸಿಲಬಸ್ಸಿನಲ್ಲಿಲ್ಲ’ ಎಂದು ಅವರು ಕೊಟ್ಟ ಉತ್ತರವಂತೂ ನೂರಕ್ಕೆ ನೂರು ನಿಜ.

ಆದರೆ ತಪ್ಪು ಹುಡುಗಿಯದಲ್ಲ, ಥಾಣೆಯ ನೀರಿನದು. ಇದೇ ಊರಿನಲ್ಲಿ ಶಾಲೆ ಕಲಿತ ಇನ್ನೊಬ್ಬರಿಗೂ ಈ ಕಾಯಿಲೆ ಇತ್ತು. ಹೆಸರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಡಹಾಣೂವಿನಲ್ಲಿ ಹುಟ್ಟಿದವರು, ಮುಂದೆ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಅಂಕಿಗಳೆಲ್ಲ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದದ್ದಕ್ಕೂ, ಅಂಕಿ ಕಮ್ಮಿಯಾದರೆ ಮುಂದೊಂದು ಸೊನ್ನೆ ಸೇರಿಸಿ, ಹಾಗೆಯೇ ಮಾಡಿ. ಹೆಚ್ಚೆಂದರೆ ಏಳು ಸಲ ಕಳೆಯುವುದರೊಳಗೆ 6174ಕ್ಕೆ ಬಂದು ನಿಲ್ಲುತ್ತೀರಿ. ನಮ್ಮ ಎಂಐಡಿಸಿಯ 1962ನ್ನೇ ಹಾಕಿ ನೋಡಿ: 9621ರಲ್ಲಿ 1269 ಹೋದರೆ 8352. 8532ರಲ್ಲಿ 2358 ಹೋದರೆ 6174. ಎರಡೇ ಹೆಜ್ಜೆ, ಎಸ್ಟೇಟಿನ ಇತಿಹಾಸದಲ್ಲಿ ಇಷ್ಟು ಬೇಗ ಮುಗಿದ ಕೆಲಸ ಇನ್ನೊಂದಿರಲಾರದು.

ಈ ಮನುಷ್ಯ ಡೊಂಬಿವಲಿಯನ್ನೂ ಬಿಡಲಿಲ್ಲ. 121, 12321, 1234321 ಇವೆಲ್ಲ 11, 111, 1111ರ ವರ್ಗಗಳು. ಈ ಬಗೆಯ ಸಂಖ್ಯೆಗಳ ಯೋಚನೆ ಹೊಳೆದದ್ದು ಆಗ ಡೆಮ್ಲೋ ಎನಿಸಿದ್ದ ಡೊಂಬಿವಲಿ ಸ್ಟೇಷನ್ನಿನಲ್ಲಿ ಎಂದು ಅವಕ್ಕೆ ಡೆಮ್ಲೋ ಸಂಖ್ಯೆಗಳೆಂದೇ ಹೆಸರಿಟ್ಟರು. ಇವತ್ತು ಬೆಳಗಿನ ಎಂಟೂವರೆಯ ಲೋಕಲ್ಲಿಗೆ ಅಲ್ಲಿ ನಿಂತವನಿಗೆ ಹೊಳೆಯುವುದು ಒಂದೇ ಪ್ರಶ್ನೆ: ಬಾಗಿಲಲ್ಲಿ ಕಾಲಿಡಲು ಜಾಗವಿದೆಯೋ ಇಲ್ಲವೋ.

ಕಾಪ್ರೇಕರ್ ತಮ್ಮ ಕ್ಲಬ್ಬಿಗೆ ಅರ್ಜಿ ಹಾಕಿದ್ದರೆ ಏನಾಗುತ್ತಿತ್ತೆಂದು ಊಹಿಸಬಲ್ಲೆ. ಸ್ನಾತಕೋತ್ತರ ಪದವಿ ಇಲ್ಲ. ವೇಗ ಅಳೆದ ದಾಖಲೆ ಇಲ್ಲ. ದೇಶದ ಪಂಡಿತರು ಇದೆಲ್ಲ ಮಕ್ಕಳಾಟ ಎಂದು ಮೂಗು ಮುರಿದಿದ್ದರು; 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಗಣಿತದ ಅಂಕಣದಲ್ಲಿ ಬರೆದ ಮೇಲೆಯೇ ಹೆಸರು ಹೊರಗೆ ಹರಡಿದ್ದು. ತಾವು ‘ಬೇಸಿಕ್ ಬ್ಯಾಚಿಗೆ ಸೇರಿಸಿ, ಪೋಷಕರನ್ನು ಕರೆತನ್ನಿ’ ಎಂದು ಷರಾ ಬರೆಯುತ್ತಿದ್ದಿರಿ.

ಇನ್ನು ‘ನಮ್ಮ ಗುರಿ ನಿಜವಾದ ಒಲಿಂಪಿಯಾಡ್’ ಎಂದು ಮುಖಪುಟದಲ್ಲಿ ಅಚ್ಚು ಹಾಕಿಸಿದ್ದೀರಿ. ಅದು ಹುಡುಕಿಕೊಂಡು ಹೋಗುವಷ್ಟು ದೂರವೇನಿಲ್ಲ. 1996ರಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ನಡೆದದ್ದೇ ಮುಂಬಯಿಯಲ್ಲಿ. ದೇಶದ ತಂಡದ ಆಯ್ಕೆ, ತರಬೇತಿಗಳ ಹೊಣೆ ಹೊತ್ತ ಹೋಮಿ ಭಾಭಾ ಕೇಂದ್ರ ಮಾನ್‌ಖುರ್ದಿನಲ್ಲಿದೆ. ಥಾಣೆಯಿಂದ ವಾಶಿಗೆ ಹೋಗಿ ಗಾಡಿ ಬದಲಿಸಿದರಾಯಿತು. ಆದರೆ ಆ ಒಲಿಂಪಿಯಾಡಿನವರು ಶುದ್ಧ ಸೋಮಾರಿಗಳು. ಎರಡು ದಿನಕ್ಕೆ ಬರೀ ಆರು ಲೆಕ್ಕ. ದಿನಕ್ಕೆ ಮೂರು, ಅದಕ್ಕೆ ನಾಲ್ಕೂವರೆ ಗಂಟೆ ಸಮಯ! ಒಂದು ಲೆಕ್ಕಕ್ಕೆ ಏಳು ಅಂಕ, ಅದೂ ಹಾದಿಯನ್ನೆಲ್ಲ ಬಿಡಿಸಿ ಬರೆದರೆ ಮಾತ್ರ. ಗುಂಡು ತುಂಬುವ ಓಎಂಆರ್ ಹಾಳೆಯ ಮಾತೇ ಇಲ್ಲ. 2024ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ನಮ್ಮ ದೇಶಕ್ಕೆ ನಾಲ್ಕು ಚಿನ್ನ ಬಂದು, ನಾಲ್ಕನೇ ಸ್ಥಾನ ಸಿಕ್ಕಿತೆಂದು ಪತ್ರಿಕೆಗಳು ಸಂಭ್ರಮಿಸಿದವು. ನಾಲ್ಕೇ? ನಮ್ಮ ಬಿ ವಿಂಗ್ ಒಂದರಲ್ಲೇ ಅದಕ್ಕಿಂತ ಜಾಸ್ತಿ ಇವೆ.

ಮೊಮ್ಮಗಳು ಬರುವ ಭಾನುವಾರದ ಮಾಕ್ ಟೆಸ್ಟಿಗೆ ಬರುವುದಿಲ್ಲ. ಐದಂಕಿಯ ಸಂಖ್ಯೆಗಳು ಯಾಕೆ ಮಾತು ಕೇಳುತ್ತಿಲ್ಲ ಎಂಬ ತನಿಖೆಯಲ್ಲಿದ್ದಾಳೆ. ಯಾವಾಗ ಮುಗಿಯುತ್ತದೋ ಅವಳಿಗೇ ತಿಳಿಯದು. ಕಟ್ಟಿದ ಫೀಸು ವಾಪಸ್ ಕೊಡುವ ರೂಢಿ ತಮ್ಮಲ್ಲಿಲ್ಲವೆಂದು ಬಲ್ಲೆ. ಆ ಹಣದಲ್ಲಿ ಕಾಪ್ರೇಕರರ ಹೆಸರಿಗೊಂದು ಸಮಾಧಾನಕರ ಬಹುಮಾನದ ಪ್ರಮಾಣಪತ್ರ ಬರೆಸಿ, ಆಫೀಸಿನ ಗೋಡೆಗೆ ತೂಗುಹಾಕಿ. ರ‍್ಯಾಂಕಿನ ಜಾಗದಲ್ಲಿ ಮಾತ್ರ 6174 ಎಂದು ನಮೂದಿಸಬೇಡಿ. ಹೊಸದಾಗಿ ಅಡ್ಮಿಶನ್ನಿಗೆ ಬರುವ ಪೋಷಕರು ಗಾಬರಿಯಾದಾರು.

ಇಂತಿ ತಮ್ಮ ವಿಧೇಯ,
ಎರಡನೇ ಮಹಡಿಯ ಅಜ್ಜ