ಇತರೆ ಖರ್ಚು: 900

ಇಬ್ರಾಹಿಂ ರೋಜಾದ ಬಾಗಿಲ ಮೇಲಿನ ಫಾರ್ಸಿ ಬರಹದಲ್ಲಿ ಕಟ್ಟಡದ ಖರ್ಚನ್ನೂ ಕೆತ್ತಿಸಿದ್ದಾರೆ. ತಾಜ್ ಸುಲ್ತಾನಾಳ ಅಪ್ಪಣೆಯಂತೆ ಮಲಿಕ್ ಸಂದಲ್ ಮುಂದೆ ನಿಂತು ಕಟ್ಟಿಸಿದ್ದಕ್ಕೆ ಒಂದೂವರೆ ಲಕ್ಷ ಹೊನ್ನು ತಗುಲಿತಂತೆ, ಅದರ ಮೇಲೆ 900. ನಾನು ಇದನ್ನು ಓದಿಕೊಂಡದ್ದು ಹೀಗೆ: ಅಂದಾಜು ಒಂದೂವರೆ ಲಕ್ಷ, ಹೆಚ್ಚಿಗೆ ಬಿದ್ದದ್ದು 900. ಇತಿಹಾಸಕಾರರು ಒಪ್ಪದಿದ್ದರೆ ಬಿಡಲಿ. ಅಷ್ಟೆತ್ತರದ ಮಿನಾರು, ಅಕ್ಷರಗಳನ್ನೇ ಜಾಲಂದ್ರವಾಗಿ ಕೊರೆದ ಕಲ್ಲಿನ ಕಿಟಕಿ, ಇಷ್ಟೆಲ್ಲ ಮಾಡಿ ನೂರಕ್ಕೆ ಅರವತ್ತೇ ಪೈಸೆ ಜಾಸ್ತಿ! ಜೀವಮಾನವೆಲ್ಲ ಇನ್ನೊಬ್ಬರ ಖರ್ಚಿನ ಚೀಟಿಗಳಿಗೆ ಕೆಂಪು ಶಾಯಿಯಲ್ಲಿ ಆಕ್ಷೇಪ ಬರೆದು ನಿವೃತ್ತನಾದ ನನಗೆ ಮಲಿಕ್ ಸಂದಲನೇ ಕುಲದೈವ.

ಆದ್ದರಿಂದ ಜಲನಗರದ ನಮ್ಮ ಮನೆಯ ಮಾಳಿಗೆ ಮೇಲೆ ಒಂದು ಖೋಲಿ ಕಟ್ಟಿಸುವುದೆಂದಾಗ ನಾನು ಹೊಸ ನೋಟ್‌ಬುಕ್ ತೆಗೆದೆ. ಖೋಲಿ ಬೇಕಾದದ್ದು ನನ್ನ ಪುಸ್ತಕಗಳಿಗೆ. ಅಡುಗೆಮನೆಯ ಅಟ್ಟದಲ್ಲಿ ಇನ್ನೊಂದು ಪಂಚಾಂಗಕ್ಕೂ ಜಾಗವಿರಲಿಲ್ಲ. ಪಡಸಾಲೆಯಲ್ಲಿ ಒಂದೋ ತೊಗರಿ ಚೀಲ ಇರಬೇಕು, ಇಲ್ಲವೇ ಕಾದಂಬರಿಗಳಿರಬೇಕು ಎಂದು ಮನೆಯವಳು ತೀರ್ಪು ಕೊಟ್ಟಾಗಿತ್ತು. ತೊಗರಿ ಬೇಯುತ್ತದೆ, ಕಾದಂಬರಿ ಬೇಯುವುದಿಲ್ಲ. ವಾದ ಅಲ್ಲಿಗೇ ಮುಗಿಯಿತು.

ಹನ್ನೆರಡಕ್ಕೆ ಹದಿನಾಲ್ಕು, ಅಂದರೆ 168 ಚದರಡಿ. ಚದರಡಿಗೆ 2,000 ಸಾಕೆಂದು ಯಾವುದೋ ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೇಳಿದ್ದರು. ಒಟ್ಟು 3,36,000. ಉಸುಕು ಎಷ್ಟು ಬ್ರಾಸು, ಸಳಿ ಎಷ್ಟು ಕಿಲೋ, ಪೂಜೆಯ ಕಾಯಿ ಎಷ್ಟು, ಪೇಢೆ ಎಷ್ಟು, ಎಲ್ಲವನ್ನೂ ಬರೆದು, ಕೊನೆಯ ಸಾಲಿನಲ್ಲಿ ಕುಲದೈವವನ್ನು ನೆನೆದು ಹಾಕಿದೆ: ಇತರೆ ಖರ್ಚು, 900.

ಗೌಂಡಿಗಳು ಬಂದರು. ಒಬ್ಬಾತ ಟೇಪು ಹಿಡಿದು ಮನೆಯನ್ನೆಲ್ಲ ಅಳೆದು, ನಾಲ್ಕು ದಿನ ಬಿಟ್ಟು, ಟೈಪು ಮಾಡಿಸಿದ ಎರಡು ಹಾಳೆಯ ಎಸ್ಟಿಮೇಟು ತಂದುಕೊಟ್ಟ. ಮೊತ್ತ 5,80,000. ನಾನು ಮೊತ್ತವನ್ನಷ್ಟೇ ನೋಡಿ ಹಾಳೆ ಮಡಚಿದೆ. ಇಷ್ಟೊಂದು ಬರೆಯುವವನು ಸಂಭಾವಿತನಿರಲಾರ ಎಂದು ಮನೆಯವಳಿಗೆ ತಿಳಿಹೇಳಿದೆ. ಇನ್ನೊಬ್ಬ ಕಾಗದವನ್ನೇ ಕೇಳಲಿಲ್ಲ. ಮಾಳಿಗೆ ಹತ್ತಿದವನೇ ಚಪ್ಪಲಿ ಕಳಚಿಟ್ಟು, ಬಲಗಾಲಿನ ಹಿಮ್ಮಡಿಯಿಂದ ಧಪ್ ಧಪ್ ಎಂದು ಎರಡು ಸಲ ಕುಟ್ಟಿ, ಕಣ್ಣು ಮುಚ್ಚಿ ಆಲಿಸಿದ. ವೈದ್ಯರೂ ನನ್ನ ಎದೆಯನ್ನು ಅಷ್ಟು ಶ್ರದ್ಧೆಯಿಂದ ಆಲಿಸಿಲ್ಲ.

"ಗಟ್ಟಿ ಐತ್ರಿ ಸಾಹೇಬ್ರ. ಮೂರ್ ಲಕ್ಷದಾಗ ಮುಗಸೂಣು."

ನನ್ನ ಲೆಕ್ಕಕ್ಕಿಂತ 36,000 ಕಡಿಮೆ. ಅಲ್ಲೇ ಇಸಾರ ಕೊಟ್ಟೆ.

ಪಾಲಿಕೆಯ ಪರವಾನಗಿಗೆ ಕಟ್ಟಿದ ಹಣಕ್ಕೆ ರಸೀದಿ ಸಿಕ್ಕಿತು. ಇಡೀ ನೋಟ್‌ಬುಕ್ಕಿನಲ್ಲಿ ಬರೆದದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾದ ಬಾಬು ಅದೊಂದೇ. 900 ಮಾತ್ರ ಕೆಲಸ ಶುರುವಾದ ಬೆಳಿಗ್ಗೆಯೇ ಚಹಾ, ಚೂಡಾ, ತಂಬಾಕು, ಮತ್ತು "ನಿಂಬಿಹಣ್ಣ ಕಟ್ಟಾಕ ಕರೀ ದಾರ ತರ್ರಿ" ಎಂಬಲ್ಲಿಗೆ ತೀರಿತು.

ಆಮೇಲೆ ಇಂಜಿನಿಯರ್ ಅಳಿಯ ಬಂದ. ಹಿಮ್ಮಡಿ ಪರೀಕ್ಷೆಯ ಸುದ್ದಿ ಕೇಳಿ ಅವನ ಮುಖ ಸಣ್ಣದಾಯಿತು. "ಮಾಮಾ, ಐದಿಂಚ್ ಹಾಕಿದ್ರ ಬರೀ ಸ್ಲ್ಯಾಬೇ ಐದ್ ಟನ್ ಆಗ್ತದ. ಗ್ವಾಡಿ ಬ್ಯಾರೆ. ಕೆಳಗ ಫುಟಿಂಗ್ ಎಷ್ಟ್ ಆಳ ಅದ?" ಗೌಂಡಿ ಆಕಾಶ ನೋಡಿದ, ನಾನು ಗೌಂಡಿಯನ್ನು ನೋಡಿದೆ. ಅಂಗಳ ಅಗೆಸಿದರೆ ಎರಿ ಮಣ್ಣು. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಪಾಯ ಕೂರಿಸಿದರೆ ಗೋಡೆಯೂ ಅದರ ಜೊತೆ ಉಸಿರಾಡತೊಡಗುತ್ತದೆ. ಕೆಳಗೆ ಗಟ್ಟಿ ಮುರುಮ ಸಿಗುವ ತನಕ ಇಳಿದು, ಅಲ್ಲಿಂದ ಹೊಸ ಕಾಲಂ ಎಬ್ಬಿಸಬೇಕೆಂದು ಅಳಿಯ ಹೇಳಿದ. ಮೇಲೆ ಖೋಲಿ ಕಟ್ಟಲು ಹೊರಟವನು ನಾನು. ಅರ್ಧ ದುಡ್ಡು ನೆಲದೊಳಕ್ಕೆ ಇಳಿಯಿತು.

ನಡುವೆ ಒಂದು ಶುಭ ಸುದ್ದಿಯೂ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿತ್ತಲ್ಲ, ಆ ಉಳಿತಾಯವನ್ನು ನೋಟ್‌ಬುಕ್ಕಿನಲ್ಲಿ ಹಸಿರು ಶಾಯಿಯಲ್ಲಿ ಬರೆದು, ಅದೇ ಹುರುಪಿನಲ್ಲಿ ನವಿಲು ಚಿತ್ತಾರದ ಕಿಟಕಿ ಗ್ರಿಲ್ಲಿಗೆ ಆರ್ಡರ್ ಕೊಟ್ಟೆ. ನವಿಲಿನ ಕೊಕ್ಕಿನ ತನಕ ಜಿಎಸ್‌ಟಿ ಸಾಕಾಯಿತು. ಗರಿಯೆಲ್ಲ ನನ್ನ ಪೆನ್ಶನ್ನು.

ಗೋಡೆ ಎದೆಮಟ್ಟ ಎದ್ದಿತು, ಗೌಂಡಿ ಮಾಯವಾದ. ಎಳ್ಳ ಅಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಹೋದವನು ತೊಗರಿ ರಾಶಿ ಮಾಡಿ ಬರುತ್ತೇನೆಂದ. ರಾಶಿ ಮುಗಿಯುವಷ್ಟರಲ್ಲಿ ಸಂಕ್ರಮಣದ ಸಿದ್ಧೇಶ್ವರ ಜಾತ್ರೆ. ನಾನೂ ಜಾತ್ರೆಗೆ ಹೋದೆ, ಬೆಂಡು ಬತ್ತಾಸು ಕೊಳ್ಳುವುದಕ್ಕಲ್ಲ, ಗೌಂಡಿಯನ್ನು ಹಿಡಿಯುವುದಕ್ಕೆ. ಸಿಕ್ಕ. ನನ್ನನ್ನು ಕಂಡು ಬಹಳ ಸಂತೋಷಪಟ್ಟು ಬತ್ತಾಸಿನ ಪೊಟ್ಟಣ ಕೈಗಿಟ್ಟ. ತಗಾದೆ ಮಾಡಲು ಬಾಯಿ ಖಾಲಿ ಇರಲಿಲ್ಲ.

ಆ ದಿನಗಳಲ್ಲಿ ಓಣಿಯವರು ನನ್ನನ್ನು ಕಂಡರೆ "ಬಾರಾ ಕಮಾನ್ ಎಲ್ಲೀಗ್ ಬಂತ್ರಿ?" ಎಂದು ವಿಚಾರಿಸುತ್ತಿದ್ದರು. ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ, ಅವನ ಗೋರಿಯ ಕಮಾನುಗಳು ಇಂದಿಗೂ ಮುಗಿಲು ನೋಡುತ್ತ ನಿಂತಿವೆ. ಅವನಿಗಾದರೂ ತೀರಿಕೊಂಡ ನೆಪವಿತ್ತು.

ಅಂತೂ ಸ್ಲ್ಯಾಬ್ ಬಿತ್ತು. ಅದರ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವ ಪಾಳಿ ನನ್ನದು. ನಳ ಬಂದ ದಿನ ಮನೆಮಂದಿಗಿಂತ ಮೊದಲು ಸ್ಲ್ಯಾಬಿಗೆ ಸ್ನಾನ. ಸೆಂಟ್ರಿಂಗ್ ಬಿಚ್ಚಿದರು, ಗಿಲಾಯಿ ಆಯಿತು, ಸುಣ್ಣ ಬಣ್ಣ ಆಯಿತು. ಪುಸ್ತಕದ ಕಪಾಟು ಹೊತ್ತ ಹಮಾಲರು ಅಂಗಳದಲ್ಲಿ ನಿಂತು ಕೇಳಿದರು: "ಯಾಕಡಿಂದ ಹತ್ತೂದ್ರಿ?"

ಮಾಳಿಗೆಗೆ ನಾವು ಇಷ್ಟು ವರ್ಷವೂ ಹತ್ತಿದ್ದು ಗೋಡೆಗೆ ಒರಗಿಸಿದ ಕಬ್ಬಿಣದ ನಿಚ್ಚಣಿಕೆಯಿಂದ. ಹಪ್ಪಳದ ಮೊರ ಅದರಲ್ಲಿ ಹತ್ತುತ್ತದೆ. ಕಪಾಟು ಹತ್ತುವುದಿಲ್ಲ. ನಾನು ನೋಟ್‌ಬುಕ್ ತಿರುವಿದೆ. ಕಾಯಿ ಇತ್ತು, ಪೇಢೆ ಇತ್ತು, ಪಾವಟಿಗಿ ಇರಲಿಲ್ಲ. ಮನೆಯವಳು ಒಳಗೆ ಹೋಗಿ ಉಪ್ಪಿನಕಾಯಿ ಭರಣಿಯ ಕೆಳಗಿದ್ದ ಟೈಪು ಹಾಳೆ ತಂದು, ಎಣ್ಣೆಯ ಕಲೆಯ ಪಕ್ಕ ಬೆರಳಿಟ್ಟು ನಿಧಾನವಾಗಿ ಓದಿದಳು: "ಬಾಬು ಐದು. ಹೊರಗಿನಿಂದ ಆರ್‌ಸಿಸಿ ಪಾವಟಿಗಿ, ಕಠಡಾ ಸಹಿತ."

ಗೌಂಡಿ ನನ್ನನ್ನು ಸಮಾಧಾನ ಮಾಡಿದ. "ಗೋಳಗುಮ್ಮಟಕ್ಕ ಸುದ್ದಾ ನಾಕೂ ಮೂಲಿ ಮಿನಾರದಾಗ ಪಾವಟಿಗಿ ಅದಾವ್ರಿ. ನಿಮಗ ಒಂದ್ ಆದ್ರ ಸಾಕಲ್ಲ." ಆ ಒಂದಕ್ಕಾಗಿ ಸ್ಕೂಟರ್ ನಿಲ್ಲಿಸುವ ಜಾಗ ಹೋಯಿತು, ತುಳಸಿಕಟ್ಟೆ ಎರಡಡಿ ಸರಿಯಿತು, ಒಟ್ಟು ಖರ್ಚು ಆ ಎಣ್ಣೆ ಹಾಳೆಯ ಮೊತ್ತವನ್ನು ದಾಟಿ ಆರೂಕಾಲು ಲಕ್ಷಕ್ಕೆ ಹೋಗಿ ನಿಂತಿತು.

ಪುಸ್ತಕಗಳೊಂದಿಗೆ ಮೇಲೆ ಹೋಗಿ ಕುಳಿತದ್ದು ಮಾರ್ಚ್‌ನಲ್ಲಿ. ನಮ್ಮ ಊರಿನ ಮಣ್ಣಿನ ಮಾಳಿಗೆಯ ಹಳೆಯ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನವೂ ಕೌದಿ ಬೇಕೆನಿಸುತ್ತಿತ್ತು. ಇಲ್ಲಿ ಐದಿಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಜಮಾ ಮಾಡಿಕೊಂಡು ರಾತ್ರಿ ಬಡ್ಡಿ ಸಹಿತ ನನ್ನ ನೆತ್ತಿಗೆ ಪಾವತಿಸುತ್ತದೆ. ಮೊದಲ ವಾರದಲ್ಲೇ ನಿಘಂಟಿನ ಅಂಟು ಬಿಟ್ಟು 'ಕ'ಕಾರದ ಹಾಳೆಗಳು ಕೈಗೆ ಬಂದವು.

ಅಷ್ಟರಲ್ಲಿ ತಿಕೋಟಾದ ನನ್ನ ಭಾವ ಬಂದ. ದ್ರಾಕ್ಷಿ ಬೆಳೆದು ಮಣೂಕ ಮಾಡುವವನು. ಒಣ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂದು ಮೂಗಿನಲ್ಲೇ ಹೇಳುತ್ತಾನೆ. ಹೊಸ ಪಾವಟಿಗಿ ಹತ್ತಿ ಬಂದು, ನವಿಲನ್ನು ನೋಡಿದ, ಛತ್ತಿನ ಕಡೆ ಅಂಗೈ ಎತ್ತಿ ಕಾವು ನೋಡಿದ, ಗೋಡೆಗಳನ್ನು ಒಂದೊಂದಾಗಿ ತಟ್ಟಿದ. ಹೊಗಳಿಕೆಗಾಗಿ ಕಾದು ನಿಂತಿದ್ದೆ.

"ಛಲೋ ಜಾಗಾ ಐತಿ. ಈ ನಾಕೂ ಗ್ವಾಡಿ ತಗದ್ರಿ ಅಂದ್ರ ಮಣೂಕ ಒಣಗಸಾಕ ಭಾರಿ ಶೆಡ್ ಆಗ್ತೈತಿ ನೋಡ್ರಿ."

ಬಾಕಿ ಹಣಕ್ಕೆಂದು ಬಂದು ಬಾಗಿಲಲ್ಲಿ ನಿಂತಿದ್ದ ಗೌಂಡಿ ಆಗಲೇ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದಿದ್ದ.

"ಕೆಡವೂದಕ್ಕ ರೇಟ್ ಬ್ಯಾರೆ ಇರ್ತೈತ್ರಿ, ಸಾಹೇಬ್ರ."